ಹೆಸರುಗಳ ದಫ್ತರವನ್ನು ಕಾಯ್ದ ಜಾನ್ ಪೋಸ್ಟೆಲ್

ಸೇಡಂ ತಾಲೂಕಿನ ಮಳಖೇಡಕ್ಕೆ ಹೋದವರು ಕಾಗಿಣಾ ನದಿಯ ದಂಡೆಯ ಮೇಲೆ ಒಂದು ಹಳೆಯ ಕೋಟೆಯನ್ನು ಕಾಣುವರು. ರಾಷ್ಟ್ರಕೂಟರ ಕಾಲದಲ್ಲಿ ಈ ಊರಿಗೆ ಮಾನ್ಯಖೇಟವೆಂದು ಹೆಸರು. ದೊಡ್ಡದೊಂದು ಸಾಮ್ರಾಜ್ಯಕ್ಕೆ ರಾಜಧಾನಿಯಾಗಿದ್ದ ಊರು ಅದು. ಆದರೆ ಇಂದು ಯಾರಾದರೂ ವಾಡಿ ಜಂಕ್ಷನ್ನಿನಲ್ಲಿ ಇಳಿದು ಮಾನ್ಯಖೇಟಕ್ಕೆ ದಾರಿ ಯಾವುದೆಂದು ಕೇಳಿದರೆ, ರಿಕ್ಷಾದವನು ತನಗೆ ತಿಳಿಯದೆಂದು ತಲೆಯಾಡಿಸಿಯಾನು. ಊರು ಇದೆ, ರಸ್ತೆ ಇದೆ, ಹೋಗಲು ಗಾಡಿಯೂ ಇದೆ. ಆ ಹೆಸರಿಗೂ ಆ ಊರಿಗೂ ನಡುವಿನ ಕೊಂಡಿ ಮಾತ್ರ ಕಳಚಿದೆ. ಕೊಂಡಿ ಕಳಚಿದ ಮೇಲೆ ಊರು ಇದ್ದೂ ಇಲ್ಲದಂತೆಯೇ ಸರಿ.

ಇಂದು ಲೋಕದ ಮೂಲೆಮೂಲೆಗಳಲ್ಲಿ ಕೋಟ್ಯಂತರ ಮಂದಿ ಹೀಗೆಯೇ ಹೆಸರು ಹೇಳಿ ದಾರಿ ಕೇಳುತ್ತಿರುವರು. ಅವರು ಕೇಳುವುದು ತಮ್ಮ ಮುಂದಿನ ಕಂಪ್ಯೂಟರನ್ನು. ಕಂಪ್ಯೂಟರು ಆ ಹೆಸರಿಗೆ ತಕ್ಕ ಅಂಕಿಯನ್ನು ಎಲ್ಲಿಂದಲೋ ಕೇಳಿ ತಂದು ದಾರಿಗೆ ಹಚ್ಚುವುದು. ಹೆಸರು ಮತ್ತು ಅಂಕಿಗಳ ಈ ಕೊಂಡಿ ಎಲ್ಲಿಯೂ ಕಳಚದಂತೆ ಸುಮಾರು ಮೂವತ್ತು ವರ್ಷಗಳ ಕಾಲ ದಫ್ತರ ಹಿಡಿದು ಕುಳಿತಿದ್ದ ಒಬ್ಬ ಸರಳ ಪುರುಷರ ಚರಿತ್ರೆಯನ್ನು ಕಾಲೇಜಿನ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಅವರೇ ಕೀರ್ತಿಶೇಷ ಜಾನ್ ಪೋಸ್ಟೆಲ್ಲರು.

ಜೊನಾಥನ್ ಬ್ರೂಸ್ ಪೋಸ್ಟೆಲ್ ಎಂಬುದು ಇವರ ಪೂರ್ಣ ಹೆಸರು. 1943ನೆಯ ಇಸವಿ ಆಗಸ್ಟ್ 6ರಂದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಆಲ್ಟಡೀನಾ ಎಂಬಲ್ಲಿ ಜನಿಸಿದರು. ಲಾಸ್ ಏಂಜಲೀಸಿನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ ಓದಿದರು. ಅದೇ ಶಾಲೆಯಲ್ಲಿ ಓದಿದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಎಂಬಿಬ್ಬರು ಮುಂದೆ ಇವರ ಜೀವಮಾನದ ಸಹಕಾರಿಗಳಾದುದು ಕಾಲೇಜು ವಿದ್ಯಾರ್ಥಿಗಳಾದ ನಾವು ಮನಸ್ಸಿನಲ್ಲಿಡಬೇಕಾದ ಸಂಗತಿ. ಒಂದು ಸಾಮಾನ್ಯ ಶಾಲೆಯ ಅಂಗಳದಿಂದ ಹೊರಬಂದ ಮೂವರು ಹುಡುಗರು ಮುಂದೆ ಅಂತರ್ಜಾಲಕ್ಕೆ ತಳಹದಿ ಹಾಕಿದವರ ಸಾಲಿನಲ್ಲಿ ನಿಂತರು.

ಪೋಸ್ಟೆಲ್ಲರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವನ್ನು ಸೇರಿ 1966ರಲ್ಲಿ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1974ರಲ್ಲಿ ಗಣಕ ವಿಜ್ಞಾನದಲ್ಲಿ ಡಾಕ್ಟರೇಟು ದೊರೆಯಿತು. ಆದರೆ ಅವರ ನಿಜವಾದ ವಿದ್ಯಾಭ್ಯಾಸ ನಡೆದುದು ಪ್ರೊಫೆಸರ್ ಲೆನಾರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಶಾಲೆಯಲ್ಲಿ ಎಂದರೆ ತಪ್ಪಾಗಲಾರದು. ದೂರದೂರದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಬೇಕೆಂದು ಅಮೆರಿಕದ ರಕ್ಷಣಾ ಇಲಾಖೆ ಆಗ ಹಣ ಕೊಡುತ್ತಿದ್ದಿತು. ಆರ್ಪಾನೆಟ್ ಎಂಬ ಆ ಜಾಲದ ಮೊದಲನೆಯ ಠಾಣೆ ಈ ಪ್ರಯೋಗಶಾಲೆಯೇ. 1969ರ ಅಕ್ಟೋಬರ್ 29ರ ರಾತ್ರಿ ಇಲ್ಲಿಂದ ಹೊರಟ ಮೊದಲ ಸಂದೇಶದಲ್ಲಿ ಎರಡಕ್ಷರ ದಾಟುವುದರೊಳಗೆ ಆಚೆಯ ಯಂತ್ರ ಕೆಟ್ಟು ನಿಂತಿತು. ಜಾಲದ ಇತಿಹಾಸ ಆರಂಭವಾದುದೇ ಒಂದು ದೋಷದಿಂದ, ಮತ್ತು ಅದನ್ನು ಅದೇ ರಾತ್ರಿ ಹುಡುಕಿ ಸರಿಪಡಿಸಿದುದರಿಂದ. ಆ ವರ್ಷ ಮುಗಿಯುವುದರೊಳಗೆ ಜಾಲದಲ್ಲಿ ನಾಲ್ಕು ಠಾಣೆಗಳಾದವು.

ಯಂತ್ರಗಳು ಒಂದರೊಡನೊಂದು ಮಾತನಾಡಬೇಕಾದರೆ ನಿಯಮಗಳು ಬೇಕು. ಆ ನಿಯಮಗಳನ್ನು ಬರೆದು ಎಲ್ಲರಿಗೂ ಹಂಚಿ, ತಪ್ಪಿದ್ದರೆ ತಿಳಿಸಿರೆಂದು ಕೇಳುವ ಪದ್ಧತಿಯನ್ನು ಕ್ರಾಕರ್ ಅವರು 1969ರ ಏಪ್ರಿಲಿನಲ್ಲಿ ತೆಗೆದರು. ಆರ್.ಎಫ್.ಸಿ. ಎಂದು ಹೆಸರಾದ ಆ ಬರೆಹಗಳ ಸಂಪಾದಕತ್ವ ಪೋಸ್ಟೆಲ್ಲರ ಪಾಲಿಗೆ ಬಂದಿತು. ಅದನ್ನು ಅವರು ಕೊನೆಯವರೆಗೂ, ಸುಮಾರು 28 ವರ್ಷ, ನಡೆಯಿಸಿದರು. ಅವರ ಕಾಲದಲ್ಲಿಯೇ ಅವುಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತು. ಇಂತಹ ಕೆಲಸಕ್ಕೆ ಇಂತಹ ಅಂಕಿ ಎಂದು ಗೊತ್ತುಪಡಿಸಿ ಪಟ್ಟಿ ಇಡುವ ಹೊಣೆಯೂ ಅವರ ಮೇಲೆಯೇ ಬಿದ್ದಿತು. 1972ರಲ್ಲಿ, ಅಂಕಿಗಳನ್ನು ಹಂಚಲು ಒಬ್ಬ ಅಧಿಕಾರಿ ಬೇಕೆಂದು ಸೂಚಿಸಿದವರೂ ಅವರೇ, ಆ ಕೆಲಸವನ್ನು ತಲೆಯ ಮೇಲೆ ಹೊತ್ತವರೂ ಅವರೇ. ಯಾರಿಗೆ ಹೊಸ ಅಂಕಿ ಬೇಕಾದರೂ ಅವರನ್ನು ಕೇಳುವುದು, ಅವರು ಪಟ್ಟಿಯಲ್ಲಿ ನೋಡಿ ಒಂದನ್ನು ಕೊಡುವುದು, ಇಷ್ಟೇ ಕ್ರಮ.

ನಮ್ಮ ಕಡೆ ಹಿಂದಿನ ಕಾಲದಲ್ಲಿ ಊರ ಹೊಲಗಳ ಲೆಕ್ಕವೆಲ್ಲ ಕುಲಕರ್ಣಿಯ ದಫ್ತರದಲ್ಲಿ ಇರುತ್ತಿದ್ದಿತು. ದಫ್ತರ ಸತ್ಯವಾಗಿದ್ದರೆ ಊರಿಗೆ ನೆಮ್ಮದಿ. ಒಂದು ಗೆರೆ ತಿದ್ದಿದರೆ ಬಡವನ ಹೊಲ ಹೋದಂತೆಯೇ. ಪೋಸ್ಟೆಲ್ಲರ ದಫ್ತರಕ್ಕೆ ಊರಿನ ಎಲ್ಲೆಯೂ ಇರಲಿಲ್ಲ, ಮೇಲೆ ತಹಶೀಲದಾರನೂ ಇರಲಿಲ್ಲ. ಆದರೂ ಒಂದು ಗೆರೆಯನ್ನು ಸ್ವಂತ ಲಾಭಕ್ಕೆ ತಿದ್ದಿದರೆಂಬ ಮಾತು ಅವರ ಮೇಲೆ ಬರಲಿಲ್ಲ. ಇದೇ ಅವರ ಜೀವನದ ಸಾರ.

1977ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಇನ್‌ಫರ್ಮೇಷನ್ ಸೈನ್ಸಸ್ ಇನ್‌ಸ್ಟಿಟ್ಯೂಟಿಗೆ ಬಂದರು. ಮುಂದಿನ ಬಾಳೆಲ್ಲ ಅಲ್ಲಿಯೇ ಕಳೆಯಿತು. ಇಂದಿನ ಅಂತರ್ಜಾಲದ ಮೂಲ ನಿಯಮಗಳಾದ ಐ.ಪಿ. ಮತ್ತು ಟಿ.ಸಿ.ಪಿ.ಗಳ ಗ್ರಂಥರೂಪವನ್ನು 1981ರ ಸೆಪ್ಟೆಂಬರಿನಲ್ಲಿ ಸಂಪಾದಿಸಿ ಹೊರತಂದವರು ಅವರೇ. ಇ-ಅಂಚೆ ಕಳುಹಿಸುವ ನಿಯಮವನ್ನು 1982ರಲ್ಲಿ ಬರೆದವರೂ ಅವರೇ. ಪೋಸ್ಟೆಲ್ ಎಂಬ ಹೆಸರಿನವರಿಂದಲೇ ಲೋಕಕ್ಕೆ ಹೊಸ ಪೋಸ್ಟು ಬಂದುದು ತಮಾಷೆಯ ಯೋಗಾಯೋಗ. 1983ರ ಜನವರಿ 1ರಂದು ಜಾಲವೆಲ್ಲವೂ ಹಳೆಯ ನಿಯಮವನ್ನು ಬಿಟ್ಟು ಹೊಸದಕ್ಕೆ ಬಂದಿತು. ಆ ಬದಲಾವಣೆಯ ಯೋಜನೆಯೂ ಅವರ ಲೇಖನಿಯಿಂದಲೇ ಹೊರಟಿದ್ದಿತು.

ಈಗ ಹೆಸರಿನ ಮಾತಿಗೆ ಬರೋಣ. ಯಂತ್ರಗಳು ಅಂಕಿಯನ್ನು ಬಲ್ಲವು. ಮನುಷ್ಯನು ಹೆಸರನ್ನು ಬಲ್ಲನು. ಹೊಸ ನಿಯಮದಲ್ಲಿ ಸುಮಾರು 429 ಕೋಟಿ ಅಂಕಿಗಳಿಗೆ ಸ್ಥಳವಿದ್ದಿತು. ಅಷ್ಟನ್ನು ನೆನಪಿಡುವವರಾರು? ಮೊದಮೊದಲು ಇಂತಹ ಹೆಸರಿಗೆ ಇಂತಹ ಅಂಕಿ ಎಂದು ಬರೆದ ಒಂದೇ ಒಂದು ಕಡತವಿದ್ದಿತು. ಅದಕ್ಕೆ ಹೋಸ್ಟ್ಸ್ ಎಂದು ಹೆಸರು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಎಂಬ ವಿದುಷಿಯ ತಂಡ ಅದನ್ನು ಇಡುತ್ತಿದ್ದಿತು. ಯಾರಾದರೂ ಹೊಸ ಯಂತ್ರವನ್ನು ತಂದರೆ ಅಲ್ಲಿಗೆ ತಿಳಿಸಬೇಕು. ಮಿಕ್ಕವರೆಲ್ಲ ಆಗಾಗ ಆ ಕಡತವನ್ನು ಇಳಿಸಿಕೊಳ್ಳಬೇಕು. ಯಂತ್ರಗಳು ಕೆಲವು ನೂರು ಇರುವವರೆಗೆ ಇದು ಸಾಗಿತು. ಜಾಲ ಬೆಳೆದಂತೆ ಕಡತವೂ ಬೆಳೆಯಿತು. ಒಬ್ಬರ ಪ್ರತಿ ಹಳೆಯದು, ಇನ್ನೊಬ್ಬರದು ಹೊಸದು ಎಂಬಂತಾಯಿತು.

ಈ ತೊಡಕನ್ನು ಬಿಡಿಸಲು ಪೋಸ್ಟೆಲ್ಲರು ತಮ್ಮ ಸಂಸ್ಥೆಯಲ್ಲಿಯೇ ಇದ್ದ ಪಾಲ್ ಮೊಕಪೆಟ್ರಿಸ್ ಎಂಬ ತರುಣರಿಗೆ ಹೇಳಿದರು. ಅವರು ಬೇರೆಯವರ ಸೂಚನೆಗಳನ್ನೆಲ್ಲ ನೋಡಿ, ಕಡೆಗೆ ತಮ್ಮದೇ ಆದ ಒಂದು ಏರ್ಪಾಟನ್ನು 1983ರ ನವೆಂಬರಿನಲ್ಲಿ ಪ್ರಕಟಿಸಿದರು. ಅದೇ ಡೊಮೇನ್ ನೇಮ್ ಸಿಸ್ಟಂ, ಸಂಕ್ಷೇಪವಾಗಿ ಡಿ.ಎನ್.ಎಸ್.

ಇದರ ಮರ್ಮವನ್ನು ಅಂಚೆಯ ದೃಷ್ಟಾಂತದಿಂದ ತಿಳಿಯಬಹುದು. ಮುಂಬಯಿಗೆ ದುಡಿಯಲು ಹೋದ ಮಗನು ಚಿಂಚೋಳಿ ತಾಲೂಕಿನ ಹಳ್ಳಿಯಲ್ಲಿರುವ ತಂದೆಗೆ ಕಾಗದ ಬರೆಯುವನು. ವಿಳಾಸದಲ್ಲಿ ಮೊದಲು ತಂದೆಯ ಹೆಸರು, ಆಮೇಲೆ ಊರು, ತಾಲೂಕು, ಜಿಲ್ಲೆ, ರಾಜ್ಯ. ಅಂಚೆಯವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದುವರು. ಮುಂಬಯಿಯವರಿಗೆ ಕರ್ನಾಟಕ ಎಲ್ಲಿದೆ ಎಂದು ತಿಳಿದರೆ ಸಾಕು. ಕಲಬುರಗಿಯವರಿಗೆ ಚಿಂಚೋಳಿ ತಿಳಿದರೆ ಸಾಕು. ಮನೆಯ ಬಾಗಿಲನ್ನು ಊರ ಅಂಚೆಯಣ್ಣನು ಬಲ್ಲನು. ಎಲ್ಲವನ್ನೂ ಬಲ್ಲ ಒಬ್ಬನು ಎಲ್ಲಿಯೂ ಬೇಕಿಲ್ಲ. ಡಿ.ಎನ್.ಎಸ್. ಕೂಡ ಹೀಗೆಯೇ. ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂಬ ಹೆಸರನ್ನು ಕಂಪ್ಯೂಟರು ಹಿಂದಿನಿಂದ ಮುಂದಕ್ಕೆ ಬಿಡಿಸುವುದು. ಮೂಲ ಸರ್ವರು ಇನ್ ಎಂಬುದನ್ನು ಬಲ್ಲವರನ್ನು ತೋರಿಸುವುದು. ಅವರು ಗವ್ ಎಂಬುದನ್ನು ಬಲ್ಲವರನ್ನು ತೋರಿಸುವರು. ಅವರ ಕಡೆಯಿಂದ ಕರ್ನಾಟಕದ ಅಂಕಿ ಸಿಗುವುದು. ಸಿಕ್ಕ ಉತ್ತರವನ್ನು ಪ್ರತಿಸಲವೂ ಕೇಳಬಾರದೆಂದು, ಗೊತ್ತುಮಾಡಿದ ಅವಧಿಯವರೆಗೆ ನೆನಪಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಉಂಟು.

ಈ ಹೆಸರುಗಳ ಕೊನೆಯ ಪದ ಯಾವುದಿರಬೇಕೆಂಬುದನ್ನು ಪೋಸ್ಟೆಲ್ಲರು ತಮ್ಮ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಅವರೊಡನೆ ಕೂಡಿ 1984ರ ಅಕ್ಟೋಬರಿನಲ್ಲಿ ಗೊತ್ತುಮಾಡಿದರು. ವ್ಯಾಪಾರಕ್ಕೆ ಕಾಮ್, ವಿದ್ಯಾಸಂಸ್ಥೆಗೆ ಎಜು, ಸರಕಾರಕ್ಕೆ ಗವ್, ಸಂಘಗಳಿಗೆ ಆರ್ಗ್, ದೇಶಗಳಿಗೆ ಎರಡೆರಡು ಅಕ್ಷರ. ಇಲ್ಲಿ ಅವರ ವಿವೇಕವನ್ನು ಕಾಣಬೇಕು. ಯಾವುದು ದೇಶ, ಯಾವುದು ದೇಶವಲ್ಲ ಎಂಬುದು ರಾಜರಾಜರು ಹೊಡೆದಾಡುವ ವಿಷಯ. ಅದನ್ನು ತೀರ್ಮಾನಿಸುವ ಅಧಿಕಾರ ತಮಗೆ ಬೇಡವೆಂದು ಅವರು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಿದ್ಧವಾದ ಪಟ್ಟಿಯನ್ನೇ ಹಿಡಿದರು. ಯಾರು ಜಗಳಕ್ಕೆ ಬಂದರೂ ಆ ಪಟ್ಟಿಯ ಕಡೆಗೆ ಕೈ ತೋರಿಸಿದರು. ಒಂದು ದೇಶದ ಹೆಸರನ್ನು ನೋಡಿಕೊಳ್ಳುವವನು ಅದರ ಒಡೆಯನಲ್ಲ, ಆ ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬ ತತ್ತ್ವವನ್ನು 1994ರಲ್ಲಿ ಬರೆದಿಟ್ಟರು. ಭಾರತದ ಡಾಟ್ ಇನ್ ಪಟ್ಟಿಗೆ ಸೇರಿದುದು 1989ರಲ್ಲಿ.

ಈ ಏರ್ಪಾಟಿನ ಬೆಲೆ ತಿಳಿಯುವುದು ಅದು ಕೆಟ್ಟ ದಿನವೇ. ಸ್ವಂತದ ಒಂದು ಸಣ್ಣ ಪ್ರಸಂಗವನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ನಮ್ಮ ಮನೆಯಲ್ಲಿ ಅರ್ಜಿ ತುಂಬಬಲ್ಲವನು ನಾನೊಬ್ಬನೇ. ಆ ಹಣ ಬಾರದಿದ್ದರೆ ಮುಂದಿನ ಫೀಗೆ ಸಾಲ ಮಾಡುವುದೇ ಗತಿ. ಊರ ಕಂಪ್ಯೂಟರ್ ಸೆಂಟರೊಂದರಲ್ಲಿ ಕುಳಿತು ತಾಣದ ಹೆಸರನ್ನು ಬರೆದರೆ, ಅಂತಹ ಹೆಸರೇ ಸಿಗದೆಂದು ವಿಂಡೋಸ್ ಯಂತ್ರ ಉತ್ತರ ಕೊಟ್ಟಿತು. ಸರ್ವರ್ ಡೌನ್ ಆಗಿದೆ, ನಾಳೆ ಬಾ ಎಂದು ಅಲ್ಲಿದ್ದವರು ಹೇಳಿದರು. ನಾಳೆ ಎಂಬುದು ನನಗೆ ಇರಲಿಲ್ಲ. ಆಗ ಪಕ್ಕದಲ್ಲಿ ಕುಳಿತಿದ್ದ ಹಿರಿಯ ವಿದ್ಯಾರ್ಥಿಯೊಬ್ಬರು ಗಾಬರಿಯಾಗದೆ ದೋಷವನ್ನು ಒಂದೊಂದು ಮೆಟ್ಟಿಲಾಗಿ ಹುಡುಕಿದ ಬಗೆ ಇನ್ನೂ ನನ್ನ ಕಣ್ಣ ಮುಂದಿದೆ.

ಮೊದಲು ಬೇರೆ ತಾಣಗಳ ಹೆಸರನ್ನು ಕೊಟ್ಟು ನೋಡಿದರು, ಅವೂ ಸಿಗಲಿಲ್ಲ. ಒಂದೇ ತಾಣ ಸಿಗದಿದ್ದರೆ ತಪ್ಪು ಆ ತಾಣದ್ದಿರಬಹುದು. ಎಲ್ಲವೂ ಸಿಗದಿದ್ದರೆ ತಪ್ಪು ನಮ್ಮ ಕಡೆಯದು. ಅದೇ ಲೈನಿನ ಮೇಲಿದ್ದ ಪಕ್ಕದ ಯಂತ್ರದಲ್ಲಿ ಆ ತಾಣ ತೆರೆಯಿತು. ಆದಕಾರಣ ದೋಷ ರೂಟರಿನಲ್ಲಿಯೂ ಇಲ್ಲ, ಲೈನಿನಲ್ಲಿಯೂ ಇಲ್ಲ, ಈ ಯಂತ್ರದಲ್ಲಿಯೇ ಇದೆ ಎಂದಾಯಿತು. ಪಕ್ಕದ ಯಂತ್ರಕ್ಕೆ ಹೋಗೋಣವೆಂದರೆ ಅದರ ಮುಂದೆ ಹತ್ತು ಜನರ ಸಾಲು. ಅವರು ಕಪ್ಪು ಕಿಟಕಿಯೊಂದನ್ನು ತೆರೆದು, ಪಿಂಗ್ ಎಂದು ಬರೆದು ನಾಲ್ಕು ಎಂಟುಗಳ ಅಂಕಿಯನ್ನು ಕೊಟ್ಟರು. ಅದು ಎಲ್ಲರಿಗೂ ಹೆಸರು ಬಿಡಿಸಿಕೊಡುವ ಗೂಗಲ್ಲಿನ ಒಂದು ಸರ್ವರು. ಕೂಡಲೇ ಉತ್ತರ ಬಂದಿತು. ಅಂಕಿಗೆ ಉತ್ತರವಿದೆ, ಹೆಸರಿಗೆ ಇಲ್ಲ. ಅಂದರೆ ದಾರಿ ಸರಿಯಾಗಿದೆ, ದಾರಿ ಹೇಳುವವನು ಕಾಣೆಯಾಗಿದ್ದಾನೆ.

ಬಳಿಕ ಎನ್‌ಎಸ್‌ಲುಕಪ್ ಎಂಬ ಆಜ್ಞೆಯಿಂದ ಹೆಸರನ್ನು ಕೇಳಿದರು. ಇದು ಯಂತ್ರದ ನೆನಪನ್ನು ನಂಬದೆ ನೇರವಾಗಿ ಸರ್ವರನ್ನೇ ಕೇಳುವುದು. ಇಲ್ಲಿ ಉತ್ತರ ಬಂದು ಬ್ರೌಸರಿನಲ್ಲಿ ಬಾರದಿದ್ದರೆ ದೋಷ ಯಂತ್ರದ ಹಳೆಯ ನೆನಪಿನದು ಇರಬಹುದು. ಆಗ ಐಪಿಕಾನ್ಫಿಗ್ ಆಜ್ಞೆಗೆ ಫ್ಲಶ್‌ಡಿಎನ್‌ಎಸ್ ಎಂದು ಸೇರಿಸಿ ಆ ನೆನಪನ್ನು ತೊಳೆಯಬೇಕು. ಕಲಬುರಗಿ ಎಂಬ ಹೆಸರು ಸರಕಾರದ ದಫ್ತರದಲ್ಲಿ 2014ರಲ್ಲಿಯೇ ಬಂದರೂ ನಮ್ಮ ಹಿರಿಯರ ಬಾಯಲ್ಲಿ ಗುಲ್ಬರ್ಗವೇ ಉಳಿದಿದೆಯಲ್ಲ, ಹಾಗೆ ಯಂತ್ರಕ್ಕೂ ಹಳೆಯ ನೆನಪು ಬೇಗ ಬಿಡದು. ಅದೂ ಅಲ್ಲದಿದ್ದರೆ ಯಂತ್ರದೊಳಗಿನ ಹೋಸ್ಟ್ಸ್ ಕಡತವನ್ನು ನೋಡಬೇಕು. ಯಾರಾದರೂ ಅಲ್ಲಿ ತಪ್ಪು ಅಂಕಿಯನ್ನು ಬರೆದಿದ್ದರೆ ವಿಂಡೋಸ್ ಅದನ್ನೇ ನಂಬುವುದು.

ನಮ್ಮ ಪ್ರಸಂಗದಲ್ಲಿ ಎನ್‌ಎಸ್‌ಲುಕಪ್ಪಿಗೂ ಉತ್ತರ ಬರಲಿಲ್ಲ. ಅದೇ ಪ್ರಶ್ನೆಯನ್ನು ನಾಲ್ಕು ಎಂಟುಗಳ ಸರ್ವರಿಗೆ ಹಾಕಿದಾಗ ತಟ್ಟನೆ ಬಂದಿತು. ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದು ನೋಡಿದರೆ, ಹಿಂದೆ ಯಾರೋ ಡಿ.ಎನ್.ಎಸ್. ಸರ್ವರಿನ ಅಂಕಿಯನ್ನು ಕೈಯಿಂದ ಬರೆದಿದ್ದರು. ಆ ಅಂಕಿಯ ಸರ್ವರು ಈಗ ಉತ್ತರ ಕೊಡುತ್ತಿರಲಿಲ್ಲ. ತೀರಿಹೋದ ಕುಲಕರ್ಣಿಯ ಮನೆಯ ಬಾಗಿಲನ್ನು ದಿನವೂ ಬಡಿದಂತಾಗಿದ್ದಿತು. ಅದನ್ನು ಅಳಿಸಿ, ತಾನಾಗಿಯೇ ಪಡೆಯುವಂತೆ ಬದಲಿಸಿದೊಡನೆ ತಾಣ ತೆರೆಯಿತು. ಅರ್ಜಿಯೂ ಹೋಯಿತು. ಆ ದಿನ ಮನೆಗೆ ಹೋಗಿ, ಹೋಸ್ಟ್ಸ್ ಎಂಬ ಕಡತ ನಮ್ಮ ಯಂತ್ರದಲ್ಲಿ ಏತಕ್ಕಿದೆ ಎಂದು ಹುಡುಕುತ್ತ ಹೋದಾಗಲೇ ನನಗೆ ಫೀನ್ಲರ್ ಅವರ ಹಳೆಯ ಕಡತದ ಕಥೆಯೂ, ಪೋಸ್ಟೆಲ್ ಎಂಬ ಹೆಸರೂ ಮೊದಲ ಸಲ ಸಿಕ್ಕಿದವು. ಅಂದಿನ ಕಡತದ ವಂಶದ ಕುಡಿಯೊಂದು ಇಂದಿಗೂ ಪ್ರತಿಯೊಂದು ವಿಂಡೋಸ್ ಯಂತ್ರದಲ್ಲಿ ಅಡಗಿ ಕುಳಿತಿದೆ.

ಪೋಸ್ಟೆಲ್ಲರ ವೇಷಭೂಷಣ ಋಷಿಗಳಂತೆ ಇದ್ದಿತು. ಎದೆಯವರೆಗೆ ಇಳಿದ ಗಡ್ಡ, ಕಾಲಿಗೆ ಚಪ್ಪಲಿ, ಸುತ್ತಲೂ ಕಾಗದಗಳ ರಾಶಿ. ಬಿಡುವು ಸಿಕ್ಕರೆ ಸಿಯೆರಾ ಬೆಟ್ಟಗಳಲ್ಲಿ ಬೆನ್ನಿಗೆ ಚೀಲ ಹಾಕಿ ನಡೆಯುವುದು ಅವರಿಗೆ ಪ್ರಿಯ. ತಾನು ಕಳುಹಿಸುವುದರಲ್ಲಿ ಕಟ್ಟುನಿಟ್ಟು, ಬೇರೆಯವರಿಂದ ಬಂದುದನ್ನು ಸ್ವೀಕರಿಸುವುದರಲ್ಲಿ ಔದಾರ್ಯ ಇರಬೇಕೆಂಬುದು ಅವರು ಯಂತ್ರಗಳಿಗೆ ವಿಧಿಸಿದ ಧರ್ಮ. ಮನುಷ್ಯರಿಗೂ ಅದು ಸಲ್ಲುವುದೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಒಬ್ಬನ ಪ್ರಾಮಾಣಿಕತೆಯ ಮೇಲೆ ನಿಂತ ವ್ಯವಸ್ಥೆಗೆ ಎಂದಾದರೂ ಪರೀಕ್ಷೆಯ ಕಾಲ ಬರಲೇಬೇಕು. 1990ರ ದಶಕದಲ್ಲಿ ಜಾಲಕ್ಕೆ ವ್ಯಾಪಾರ ಬಂದಿತು. ಹೆಸರುಗಳಿಗೆ ಬೆಲೆ ಬಂದಿತು. ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪನಿ ಅಮೆರಿಕ ಸರಕಾರದ ಗುತ್ತಿಗೆಯಿಂದ ಹೆಸರುಗಳನ್ನು ನೋಂದಾಯಿಸುತ್ತ 1995ರಿಂದ ಅದಕ್ಕೆ ಹಣವನ್ನೂ ಪಡೆಯತೊಡಗಿತು. ಹೆಸರುಗಳ ಮೂಲಪಟ್ಟಿ ಯಾರ ಕೈಯಲ್ಲಿರಬೇಕು ಎಂಬ ವಾದ ಎದ್ದಿತು. 1998ರ ಜನವರಿ 28ರಂದು ಪೋಸ್ಟೆಲ್ಲರು ಎಂಟು ಮೂಲ ಸರ್ವರುಗಳ ಪಾಲಕರಿಗೆ ಇ-ಅಂಚೆ ಬರೆದು, ಇನ್ನು ಮುಂದೆ ಪಟ್ಟಿಯನ್ನು ಆ ಕಂಪನಿಯ ಯಂತ್ರದಿಂದ ಪಡೆಯದೆ ತಮ್ಮ ಯಂತ್ರದಿಂದ ಪಡೆಯಬೇಕೆಂದು ಕೇಳಿದರು. ಅವರೆಲ್ಲರೂ ಮರುಮಾತಿಲ್ಲದೆ ಒಪ್ಪಿದರು. ಸಂಬಳ ಕೊಡುವವರ ಮಾತಿಗಿಂತ ಪೋಸ್ಟೆಲ್ಲರ ಮಾತು ಹೆಚ್ಚೆಂದು ಅವರು ತಿಳಿದಿದ್ದರು. ಎರಡು ಪಟ್ಟಿಗಳಲ್ಲಿ ಇದ್ದುದು ಒಂದೇ ಆದುದರಿಂದ ಲೋಕದಲ್ಲಿ ಯಾವ ಹೆಸರೂ ತಪ್ಪಲಿಲ್ಲ. ಆದರೆ ಅಮೆರಿಕದ ಸರಕಾರ ಬೆಚ್ಚಿಬಿದ್ದಿತು. ಮೊದಲಿನಂತೆ ಮಾಡಬೇಕೆಂದು ಆಗ್ರಹಪಡಿಸಿತು. ಪೋಸ್ಟೆಲ್ಲರು ಅದನ್ನೊಂದು ಪರೀಕ್ಷೆ ಎಂದು ಹೇಳಿ, ಸುಮಾರು ವಾರದೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿದರು.

ಅವರು ಮಾಡಿದುದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಇದೆ. ನನಗೆ ತೋರುವುದಿಷ್ಟು. ಆ ದಿನಗಳಲ್ಲಿ ಅವರ ಕೈಯಲ್ಲಿದ್ದ ಶಕ್ತಿ ಯಾವ ಅರಸನಿಗೂ ಇರಲಿಲ್ಲ. ಆ ಶಕ್ತಿಯನ್ನು ಅವರು ಒಮ್ಮೆ ಲೋಕಕ್ಕೆ ತೋರಿಸಿ, ಕೂಡಲೇ ಕೆಳಗಿಟ್ಟರು. ಎಷ್ಟೇ ಸಜ್ಜನನಾದರೂ ಒಬ್ಬನ ಕೈಯಲ್ಲಿ ಇಂತಹ ದಫ್ತರ ಇರಬಾರದೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಅವರಿಗೂ ಅದು ತಿಳಿದಿದ್ದಿತು. ಅದಾಗಲೇ ಅವರು ತಮ್ಮ ಕೆಲಸವನ್ನು ವಹಿಸಿಕೊಳ್ಳುವ ಸಂಸ್ಥೆಯೊಂದನ್ನು ಕಟ್ಟಲು ದುಡಿಯುತ್ತಿದ್ದರು. 1998ರ ಸೆಪ್ಟೆಂಬರ್ 30ರಂದು ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅದಾಗಿ ಹದಿನಾರೇ ದಿನಕ್ಕೆ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ಅನಂತರದ ತೊಡಕಿನಿಂದ ಪೋಸ್ಟೆಲ್ಲರು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಅವರು ಇಷ್ಟುಕಾಲ ಸಂಪಾದಿಸಿದ ಆರ್.ಎಫ್.ಸಿ. ಸಾಲಿನಲ್ಲಿಯೇ, 2468ನೆಯದಾಗಿ, ಗೆಳೆಯ ವಿಂಟ್ ಸರ್ಫ್ ಅವರು ಶ್ರದ್ಧಾಂಜಲಿಯನ್ನು ಬರೆದರು.

ದಫ್ತರದವರು ಹೋದರೂ ದಫ್ತರ ನಿಲ್ಲಲಿಲ್ಲ. ಅವರು ತೀರಿಕೊಂಡ ದಿನವೂ ಮರುದಿನವೂ ಲೋಕದ ಹೆಸರುಗಳೆಲ್ಲ ಎಂದಿನಂತೆಯೇ ಉತ್ತರ ಕೊಟ್ಟವು. ಒಬ್ಬ ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇರೆ ಬೇಡ. 2016ರ ಅಕ್ಟೋಬರ್ 1ರಿಂದ ಅಮೆರಿಕ ಸರಕಾರದ ಗುತ್ತಿಗೆಯೂ ಮುಗಿದು, ಆ ದಫ್ತರ ಹಲವು ದೇಶಗಳ ಜನರ ಮೇಲ್ವಿಚಾರಣೆಗೆ ಬಂದಿದೆ. ಇಂದು ಮೂಲಪಟ್ಟಿಯಲ್ಲಿ ನಮ್ಮ ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಎಂಬ ಹೆಸರೂ ಇದೆ. ಪೋಸ್ಟೆಲ್ಲರು ಕನ್ನಡದ ಒಂದಕ್ಷರವನ್ನೂ ಅರಿಯರು. ಆದರೂ ಕನ್ನಡದ ಹೆಸರೊಂದು ಕೂರಲು ಅವರು ಕಾಯ್ದ ಪಟ್ಟಿಯಲ್ಲಿ ಸ್ಥಳವಿದ್ದಿತು.

ಶಹಾಬಾದಿನ ಕಲ್ಲನ್ನು ನೆಲಕ್ಕೆ ಹಾಸಿದ ಮನೆಯಲ್ಲಿ ನಡೆಯುವವರು ಕಲ್ಲು ಕಡಿದವನನ್ನು ನೆನೆಯುವುದಿಲ್ಲ. ನೆಲ ಕುಸಿದ ದಿನ ಮಾತ್ರ ಕೆಳಗೆ ನೋಡುವರು. ಮುಂದೆ ನಮ್ಮಲ್ಲಿ ಯಾರಿಗಾದರೂ ಚಿತ್ತಾಪುರದಲ್ಲಿಯೋ ಸೇಡಂನಲ್ಲಿಯೋ ಕಂಪ್ಯೂಟರು ಹೆಸರು ಸಿಗದೆಂದು ಹೇಳಿದರೆ, ಸರ್ವರ್ ಡೌನ್ ಎಂದು ಎದ್ದು ಬರುವುದು ಬೇಡ. ಹತ್ತಿರದಿಂದ ದೂರಕ್ಕೆ, ತನ್ನ ಯಂತ್ರದಿಂದ ಮೂಲದವರೆಗೆ, ಒಂದೊಂದಾಗಿ ಕೇಳುತ್ತ ಹೋಗೋಣ. ದಫ್ತರ ಇದ್ದೇ ಇದೆ. ಕೇಳಬೇಕಾದ ಬಾಗಿಲು ಯಾವುದೆಂದು ಹುಡುಕಿದರೆ ಸಾಕು.